ಮೇ ಕಂಬ ಬೀಳುವವರೆಗೆ

ಫ್ರಾನ್ಸಿನ ಪೆರಿಗೋರ್ ಸೀಮೆಯಲ್ಲಿ ನನ್ನಷ್ಟು ನೆಟ್ಟಗೆ ಕಂಬ ನಿಲ್ಲಿಸಬಲ್ಲವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಇದು ಜಂಬದ ಮಾತಲ್ಲ. ಜಂಬ ಕೊಚ್ಚುವುದು ಪಕ್ಕದ ಸೆರ್ವಿಯಾಲ್‌ನವರ ಕಸುಬು. ನಾನು ಕೊಂಬ್ರಾಕ್‌ನವನು, ಹೆಸರು ಲೆಯೊನ್ಸ್, ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ನಾನು ನಿಲ್ಲಿಸಿದ ಕಂಬದ ಪಕ್ಕ ನಿಂತು ನೋಡಿದರೆ ನಮ್ಮ ಚರ್ಚಿನ ಗೋಪುರವೇ ವಾಲಿದ ಹಾಗೆ ಕಾಣುತ್ತದೆ. ಹೊಸದಾಗಿ ಬಂದ ಪಾದ್ರಿಯೊಬ್ಬರು ಹಾಗೆ ಕಂಡು ಹೆದರಿ ಗಾರೆ ಮೇಸ್ತ್ರಿಯನ್ನು ಕರೆಸಿದ್ದರು. ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿ, ಗೋಪುರದ ಕಡೆ ತಲೆಯಾಡಿಸಿ, ನನ್ನ ಕಡೆ ತಿರುಗಿ ಟೊಪ್ಪಿ ತೆಗೆದು ಹೋದ.

ಕಂಬ ಅಂದರೆ ಮೇ ಕಂಬ. ನಮ್ಮಲ್ಲಿ ಯಾರಾದರೂ ಮೇಯರ್ ಆಗಿ ಆರಿಸಿ ಬಂದರೆ ಊರಿನವರೆಲ್ಲ ಕಾಡಿಗೆ ಹೋಗಿ ಉದ್ದನೆಯ ಮರವೊಂದನ್ನು ತಂದು, ತೊಗಟೆ ಸುಲಿದು, ತುದಿಯಲ್ಲಿ ಮಾತ್ರ ಸೊಪ್ಪು ಉಳಿಸಿ, ಬಾವುಟದ ಮೂರು ಬಣ್ಣದ ರಿಬ್ಬನ್ ಕಟ್ಟಿ ಅವರ ಮನೆಯ ಮುಂದೆ ನೆಡುತ್ತೇವೆ. ನೆಟ್ಟವರಿಗೆಲ್ಲ ಆ ಮನೆಯವರು ಅವತ್ತು ಊಟ ಹಾಕಬೇಕು. ಆಮೇಲೆ ಕಂಬ ನಿಂತಿರುವವರೆಗೂ ಬಾಗಿಲು ತಟ್ಟಿದವರಿಗೆ ಒಂದು ಲೋಟ ವೈನ್ ಕೊಡಬೇಕು. ಕಂಬವನ್ನು ಮನುಷ್ಯರು ಕಡಿಯುವಂತಿಲ್ಲ, ಕೆಡವುವಂತಿಲ್ಲ. ಅದು ತಾನಾಗಿ ಕೊಳೆತು ತಾನಾಗಿ ಬೀಳಬೇಕು. ಕೈ ಹಚ್ಚಿದವನ ಪೀಪಾಯಿಯ ವೈನೆಲ್ಲ ವಿನೆಗರ್ ಆಗುತ್ತದೆ. ನನ್ನ ಕಣ್ಣಾರೆ ಆದದ್ದನ್ನು ನೋಡಿದ್ದೇನೆ. ಅವನ ಪೀಪಾಯಿ ಮಾತ್ರವಲ್ಲ, ಅವನ ಬೀಗರ ಪೀಪಾಯಿಯೂ ಹುಳಿಯಾಗಿತ್ತು.

ನಮ್ಮ ಅನ್ಸೆಲ್ಮ್ ಮೇಯರ್ ಆದಾಗ ಮರ ಆರಿಸಿದವನು ನಾನು. ಬೇರೆ ಊರಿನವರು ಪೈನ್ ತರುತ್ತಾರೆ, ಐದಾರು ಚಳಿಗಾಲಕ್ಕೆ ಅದು ಬಿಸ್ಕತ್ತಿನಂತಾಗುತ್ತದೆ. ನಾನು ಚೆಸ್ಟ್‌ನಟ್ ಮರ ತಂದೆ. ಎಂಥಾ ಮರ ಅಂದರೆ, ಅದನ್ನು ಎತ್ತಿ ನಿಲ್ಲಿಸಿದ ದಿನ ಮೋಡವೊಂದು ಸುತ್ತಿ ಹೋಗಬೇಕಾಯಿತು. ಅನ್ಸೆಲ್ಮ್ ಮತ್ತೆ ಮತ್ತೆ ಆರಿಸಿ ಬಂದ. ಕಂಬ ನಿಂತೇ ಇತ್ತು. ನಮ್ಮೂರ ಮಕ್ಕಳು ಅನ್ಸೆಲ್ಮ್ ಅನ್ನುವುದು ಹೆಸರಲ್ಲ, ಹುದ್ದೆ ಅಂತಲೇ ತಿಳಿದು ಬೆಳೆದವು.

ಅವನ ಹೆಂಡತಿ ಸೊಲಾಂಜಳದು ಮಾತು ಕಡಿಮೆ. ಕಂಬದ ಬುಡದ ಸುತ್ತ ಅವಳು ಹೈಡ್ರೇಂಜಿಯಾ ಹೂವಿನ ಗಿಡ ಹಾಕಿದ್ದಳು. ಎಲೆಕೋಸಿನ ಗಾತ್ರದ ನೀಲಿ ಹೂವು. ದಾರಿಹೋಕರು ಕಾರು ನಿಲ್ಲಿಸಿ ಫೋಟೋ ಹೊಡೆಯುತ್ತಿದ್ದರು. ಮೇಯರನ ಹೆಂಡತಿ ಅಂದರೆ ಹೀಗಿರಬೇಕು, ಗಂಡನ ಗೌರವಕ್ಕೆ ಹೂವಿಟ್ಟು ಪೂಜಿಸುತ್ತಾಳೆ ಅಂತ ನಾನೇ ಎಷ್ಟೋ ಸಲ ಹೊಗಳಿದ್ದೆ, ಅವಳ ಅಡುಗೆಮನೆಯಲ್ಲಿ, ಅವಳದೇ ಲೋಟ ಕೈಯಲ್ಲಿ ಹಿಡಿದು.

ಆ ಅಡುಗೆಮನೆಯೇ ನಿಜವಾದ ಊರ ಕಚೇರಿ. ಚೌಕದಲ್ಲಿ ಒಂದು ಕಚೇರಿ ಇತ್ತು, ಬಾವುಟ ಇತ್ತು, ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯುತ್ತಿತ್ತು. ಆದರೆ ಮೋರಿ ಕಟ್ಟಿಕೊಂಡವನು, ಪಕ್ಕದ ಮನೆಯ ಬೇಲಿ ತನ್ನ ಕಡೆ ಬಗ್ಗಿತು ಅನ್ನುವವನು, ನಾಯಿ ಕಳೆದುಕೊಂಡವನು, ಎಲ್ಲರೂ ಕೆಸರು ಬೂಟಿನಲ್ಲೇ ಸೊಲಾಂಜಳ ಅಡುಗೆಮನೆಗೆ ಬರುತ್ತಿದ್ದರು. ನಾನಂತೂ ಯಾವ ದೂರೂ ಇಲ್ಲದೆ ದಿನಾ ಹೋಗುತ್ತಿದ್ದೆ. ದೂರಿಲ್ಲದವನೂ ಒಬ್ಬ ಬೇಕಲ್ಲ ಊರಿಗೆ.

ಹೀಗಿರುವಾಗ ಮೇಲಿನವರು ಹೇಳಿದರು: ಚಿಕ್ಕ ಊರುಗಳು ಒಂದಾಗಿ ಒಂದೇ ಕಮ್ಯೂನ್, ಅಂದರೆ ಒಂದೇ ಪಂಚಾಯಿತಿ, ಆಗಲಿ, ಮೇಯರ್ ಒಬ್ಬರೇ ಇರಲಿ. ಕೊಂಬ್ರಾಕ್ ಮತ್ತು ಸೆರ್ವಿಯಾಲ್ ಒಂದಾಗುವುದೆಂದರೆ ಬೆಕ್ಕನ್ನೂ ನಾಯಿಯನ್ನೂ ಒಂದೇ ಬೂಟಿನಲ್ಲಿ ಮಲಗಿಸಿದ ಹಾಗೆ. ಮೊದಲು ಹೆಸರಿನ ಜಗಳ. ನಮ್ಮ ಹೆಸರು ಮುಂದೋ, ಅವರದು ಮುಂದೋ? ಮೂರು ಸಭೆ ಮುರಿದುಬಿದ್ದ ಮೇಲೆ ಎರಡೂ ಊರಿನ ನಡುವೆ ಹರಿಯುವ ಬೋರ್ನ್ ಹಳ್ಳದ ಹೆಸರಿಟ್ಟರು. ಆ ಹಳ್ಳ ಬೇಸಿಗೆಯಲ್ಲಿ ಬತ್ತಿಹೋಗುತ್ತದೆ. ಹಾಗಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಮ್ಯೂನ್ ಇದೆಯೋ ಇಲ್ಲವೋ ಅನ್ನುವುದು ನನಗೆ ಇವತ್ತಿಗೂ ಅನುಮಾನ.

ಆಮೇಲೆ ಕಚೇರಿಯ ಜಗಳ. ಶಾಲೆ ಅವರಲ್ಲಿ, ಔಷಧಿ ಅಂಗಡಿ ಅವರಲ್ಲಿ. ಕಚೇರಿಯೂ ಅಲ್ಲಿಗೇ ಹೋದರೆ ನಮ್ಮೂರಿಗೆ ಉಳಿಯುವುದು ಸ್ಮಶಾನ ಒಂದೇ. ಸೆರ್ವಿಯಾಲ್ ಪರವಾಗಿ ಮಾತಾಡುತ್ತಿದ್ದವಳು ಒದೀಲ್. ದನದ ಡಾಕ್ಟರು, ಗಟ್ಟಿ ಹೆಂಗಸು, ಮುಂದೆ ಮೇಯರ್ ಆಗುವವಳು ಅವಳೇ ಅಂತ ಎಲ್ಲರಿಗೂ ಗೊತ್ತಿತ್ತು.

"ಕೊಂಬ್ರಾಕ್ ಕಚೇರಿ ಬಾಗಿಲು ತೆರೆದೇ ಇರ್ಲಿ, ನನ್ನದೇನೂ ತಕರಾರಿಲ್ಲ," ಅಂದಳು ಅವಳು. "ಆದ್ರೆ ಎಲ್ಲೀವರೆಗೆ? ಅದನ್ನ ಹೇಳ್ಬಿಡಿ."

ನಮ್ಮವರೆಲ್ಲ ನೆಲ ನೋಡಿದರು. ನಾನು ಎದ್ದು ನಿಂತೆ.

"ಅನ್ಸೆಲ್ಮನ ಮೇ ಕಂಬ ನಿಂತಿರೋವರೆಗೆ!" ಅಂದೆ. "ಆ ಕಂಬ ನೆಟ್ಟೋನು ನಾನು. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಬಂದು ಅದರ ನೆರಳಲ್ಲಿ ಕೂತ್ಕೋತಾರೆ."

ನಮ್ಮವರು ಮೇಜು ಮುರಿಯುವ ಹಾಗೆ ಗುದ್ದಿ ಚಪ್ಪಾಳೆ ಹೊಡೆದರು. ಪಕ್ಕದಲ್ಲಿದ್ದ ನನ್ನ ಗೆಳೆಯ ಫೆರ್ನಾಂ, ನಮ್ಮೂರ ಬೇಟೆ ತಂಡದ ಮುಖಂಡ, ಬಲು ಚಾಲಾಕಿ, ಅಲ್ಲೇ ಇನ್ನೊಂದು ಗಂಟು ಹಾಕಿದ: "ಮನುಷ್ಯರ ಕೈಯಿಂದ ಕಂಬ ಬಿದ್ರೆ ಲೆಕ್ಕಕ್ಕಿಲ್ಲ. ಆಗ ನಮ್ಮ ಬಾಗಿಲು ಶಾಶ್ವತವಾಗಿ ತೆರೆದಿರಬೇಕು!"

"ಆಗ್ಲಿ," ಅಂದುಬಿಟ್ಟಳು ಒದೀಲ್.

ಅಷ್ಟು ಬೇಗ ಒಪ್ಪಿದ್ದೇ ನನಗೆ ಸರಿಬರಲಿಲ್ಲ. ಸೆರ್ವಿಯಾಲ್‌ನವರು ಚೌಕಾಸಿ ಮಾಡದೆ ಮದುವೆ ಮಂಟಪದಲ್ಲಿ ಹೂಂ ಅನ್ನುವವರಲ್ಲ.

ಒಂದಾದ ಮೇಲೆ ಶುರುವಾಯಿತು ನೋಡಿ. ಬ್ರೆಡ್ಡಿನ ವ್ಯಾನು ಮೊದಲು ಸೆರ್ವಿಯಾಲ್ ಸುತ್ತಿ ಆಮೇಲೆ ನಮ್ಮೂರಿಗೆ ಬರುತ್ತಿತ್ತು. ಗಟ್ಟಿ ಬ್ರೆಡ್ಡೆಲ್ಲ ನಮಗೆ, ಮೆತ್ತಗಿನದೆಲ್ಲ ಅವರಿಗೆ ಅಂತ ನಮ್ಮವರು. ಚರ್ಚಿನ ಗಂಟೆಯನ್ನು ನಾವು ಬೇಕಂತಲೇ ಜೋರಾಗಿ ಹೊಡೆಯುತ್ತೇವೆ ಅಂತ ಅವರು. ಅವರ ಬೀದಿದೀಪ ನಮ್ಮದಕ್ಕಿಂತ ಬಿಳುಪಾಗಿದೆ ಅಂತ ನಮ್ಮವರು ಅಳೆದು ಬಂದರು. ನಮ್ಮ ಕಚೇರಿಯ ಬೀಗದಕೈ ಅನ್ಸೆಲ್ಮನ ಬಳಿಯೇ ಉಳಿಯಿತು. ಒದೀಲ್ ಮೇಯರ್ ಆದಳು, ಅವಳ ಮನೆ ಮುಂದೆ ಪೈನ್ ಕಂಬ ನೆಟ್ಟರು. ಹೋಗಿ ನೋಡಿದೆ. ನಡುವೆ ಸೊಟ್ಟ. ಗಾಳಿ ಬಂದಾಗ ಕಂಬವೇ ನಾಚಿಕೊಂಡು ಬಗ್ಗುತ್ತಿತ್ತು.

ಒಂದು ಶರತ್ಕಾಲದ ಬೆಳಿಗ್ಗೆ ನನ್ನ ಲೋಟಕ್ಕೆ ಹೊರಟವನು ಅನ್ಸೆಲ್ಮನ ಮನೆ ಮುಂದೆ ನಿಂತುಬಿಟ್ಟೆ. ಗೋಪುರ ನೆಟ್ಟಗೆ ಕಾಣುತ್ತಿತ್ತು!

ಗೋಪುರ ನೆಟ್ಟಗೆ ಕಾಣುತ್ತಿದೆ ಅಂದರೆ ಕಂಬ ವಾಲಿದೆ ಅಂತ ಅರ್ಥ. ಓಡಿಹೋಗಿ ಫೆರ್ನಾಂನನ್ನು ಕರೆತಂದೆ. ಅವನು ಹೂಗಿಡ ಸರಿಸಿ ಬೇಟೆಯ ಚಾಕು ಚುಚ್ಚಿದ. ಬೆಣ್ಣೆಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು.

"ನಿನ್ನ ನೂರು ವರ್ಷದ ಮರ ಇದೇನೋ?" ಅಂದ.

"ನನ್ನ ಮರಕ್ಕೇನಾಗಿಲ್ಲ. ಯಾರೋ ಏನೋ ಮಾಡಿದ್ದಾರೆ," ಅಂದೆ. ಅಷ್ಟರಲ್ಲಿ ನನ್ನ ಹದ್ದಿನ ಕಣ್ಣಿಗೆ ಬಿತ್ತು: ರಸ್ತೆ ಕಡೆಯ ಬುಡದಲ್ಲಿ ಗೀರುಗಳು. ಹುಲ್ಲು ಕತ್ತರಿಸುವ ಯಂತ್ರದ ದಾರ ಬಡಿದ ಗೀರು. ಎರಡೂ ಊರಿಗೆ ಸೇರಿ ರಸ್ತೆ ಬದಿಯ ಹುಲ್ಲು ಕತ್ತರಿಸುವವನು ಒಬ್ಬನೇ, ರೆಜಿಸ್. ಎಲ್ಲಿಯವನು? ಸೆರ್ವಿಯಾಲ್‌ನವನು.

ಫೆರ್ನಾಂನ ಮುಖ ಒಲೆಯ ಹಾಗೆ ಬೆಳಗಿತು. "ಮನುಷ್ಯರ ಕೈ!" ಅಂದ ಪಿಸುಮಾತಿನಲ್ಲಿ. "ಇದನ್ನ ಸಾಬೀತು ಮಾಡಿದ್ರೆ ಬಾಗಿಲು ಶಾಶ್ವತ ಕಣೋ ಲೆಯೊನ್ಸ್. ಶಾಶ್ವತ!"

ಆ ಮಧ್ಯಾಹ್ನವೇ ರೆಜಿಸ್ ಕೈಗೆ ಸಿಕ್ಕಿದ.

"ಏನಪ್ಪಾ, ಹುಲ್ಲು ಹೊಡೀತೀಯೋ, ಕಂಬ ಹೊಡೀತೀಯೋ?" ಅಂದೆ.

"ಹುಲ್ಲು ಎಲ್ಲಿದ್ಯೋ ಅಲ್ಲಿ ಹೊಡೀತೀನಿ ತಾತ. ಕಂಬದ ಬುಡದಲ್ಲಿ ಬೆಳೆದ್ರೆ ನಾನೇನ್ ಮಾಡ್ಲಿ?"

ತಾತ ಅಂದ. ನಾನು ಒಂದೇ ಕೈಯಲ್ಲಿ ಹೋರಿ ಎತ್ತುವವನು, ನನ್ನನ್ನು ತಾತ ಅಂದ. ಆದರೂ ತಡೆದುಕೊಂಡೆ.

"ಕೊಂಬ್ರಾಕ್ ತುಂಬಾ ಹುಲ್ಲಿದೆ. ನಿನ್ನ ಮಷಿನ್‌ಗೆ ಇಲ್ಲೇ ಬಂದಾಗ ಯಾಕೆ ಹಸಿವಾಗತ್ತೆ?"

"ಮಷಿನ್‌ಗಲ್ಲ, ನನಗೆ ಬಾಯಾರಿಕೆ. ಇಲ್ಲಿ ಕೆಲಸ ಮುಗಿಸಿದ್ರೆ ಮದಾಂ ಸೊಲಾಂಜ್ ಒಂದು ಲೋಟ ಕೊಡ್ತಾರೆ. ನೀವ್ ಯಾಕೆ ದಿನಾ ಬರ್ತೀರಿ, ಹುಲ್ಲು ಮೇಯೋಕಾ?"

"ನಿಮ್ಮ ಮೇಯರಮ್ಮ ಏನಾದ್ರೂ ಹೇಳಿ ಕಳಿಸಿದ್ದಾಳಾ?"

"ಅಯ್ಯೋ, ನಾನೇನೂ ಸುರಿದಿಲ್ಲ, ಏನೂ ಕೊಯ್ದಿಲ್ಲ!" ಅಂದ ರೆಜಿಸ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ! ಸುರಿಯುವ ಮಾತು ನಾನು ಎತ್ತಿಯೇ ಇರಲಿಲ್ಲ. ಮನೆಗೆ ಬರುವಷ್ಟರಲ್ಲಿ ಅವನನ್ನು ಮನಸ್ಸಿನಲ್ಲೇ ಬಂಧಿಸಿ, ವಿಚಾರಿಸಿ, ಶಿಕ್ಷೆ ಕೊಟ್ಟೂ ಆಗಿತ್ತು. ಬಾಕಿ ಇದ್ದದ್ದು ಕಣ್ಣಾರೆ ಹಿಡಿಯುವುದು.

ಅನ್ಸೆಲ್ಮನ ಮನೆಯ ಎದುರೇ ನನ್ನ ಅಟ್ಟ, ವಾಲ್‌ನಟ್ ಒಣಗಿಸುವ ಜಾಗ. ಹಲಗೆಗಳ ಸಂದಿಯಿಂದ ರಸ್ತೆ ಪೂರ್ತಿ ಕಾಣುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಊಟ ಬಿಟ್ಟೆ, ಕೆಮ್ಮು ಬಿಟ್ಟೆ, ಉಸಿರನ್ನು ಮಾತ್ರ ಅಗತ್ಯವಿದ್ದಷ್ಟು ಆಡಿದೆ. ಇಲಿಗಳು ನನ್ನನ್ನು ಮರದ ದಿಮ್ಮಿ ಅಂದುಕೊಂಡು ಮಡಿಲಲ್ಲಿ ಸಂಸಾರ ಹೂಡಿದವು.

ಬ್ರೆಡ್ಡಿನ ವ್ಯಾನು ಬಂತು. ಅದರ ನಾಯಿ ಇಳಿದು ಕಂಬಕ್ಕೆ ಕಾಲೆತ್ತಿತು. ಸೆರ್ವಿಯಾಲ್ ನಾಯಿ! ಮೂರು ದಿನ ಅದೇ ಜಾಗಕ್ಕೆ ಕಾಲೆತ್ತಿತು ಅಂದಮೇಲೆ ತರಬೇತಿ ಕೊಟ್ಟಿದ್ದಾರೆ ಅನ್ನುವುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಅಂಚೆಯವಳು ಸೈಕಲ್ ಒರಗಿಸಿದಳು. ಇಷ್ಟು ಜಾಗ ಇರುವಾಗ ಅಲ್ಲೇ ಯಾಕೆ? ಒದೀಲ್ ಕಾರಿನಲ್ಲಿ ಹೋಗುತ್ತ ನಿಧಾನ ಮಾಡಿ ಕಂಬದ ತುದಿ ನೋಡಿದಳು. ಅನುಮಾನದ ಕನ್ನಡಕ ಹಾಕಿಕೊಂಡವನಿಗೆ ಕಾಗೆ ಹಾರಿದರೂ ಸೆರ್ವಿಯಾಲ್ ಕಡೆಗೇ ಹಾರಿದ ಹಾಗೆ.

ಸೊಲಾಂಜ್ ಮಾತ್ರ ಎಂದಿನಂತೆ ಬರುತ್ತಿದ್ದಳು, ಗಿಡಕ್ಕೆ ನೀರು ಹಾಕಿ ಹೋಗುತ್ತಿದ್ದಳು. ಅವಳನ್ನು ನಾನು ನೋಡುತ್ತಲೇ ಇರಲಿಲ್ಲ. ಮನೆಯ ಹಂಚನ್ನು ಯಾರಾದರೂ ದಿನಾ ನೋಡುತ್ತಾರೆಯೇ?

ಆಮೇಲೆ ಮಳೆ ಬಂತು. ಬೋರ್ನ್ ಹಳ್ಳ ತುಂಬಿ ಮೀನುಗಳು ಛತ್ರಿ ಹುಡುಕುವಂಥ ಮಳೆ. ಇಂಥ ದಿನ ಯಾವ ಕಳ್ಳನೂ ಬರುವುದಿಲ್ಲ ಅಂತ ಇಳಿಯಲು ಹೊರಟವನು ಕೊನೆಯದಾಗಿ ಒಮ್ಮೆ ಸಂದಿಗೆ ಕಣ್ಣಿಟ್ಟೆ. ಎದುರು ಮನೆಯ ಬಾಗಿಲು ತೆರೆಯಿತು. ಸೊಲಾಂಜ್ ಹೊರಬಂದಳು. ಒಂದು ಕೈಯಲ್ಲಿ ಛತ್ರಿ. ಇನ್ನೊಂದು ಕೈಯಲ್ಲಿ ನೀರಿನ ಝಾರಿ.

ಸುರಿಯುವ ಮಳೆಯಲ್ಲಿ ಛತ್ರಿ ಹಿಡಿದು ನಿಂತು ಅವಳು ಗಿಡಕ್ಕೆ ನೀರು ಹಾಕಿದಳು. ಗಿಡಕ್ಕಲ್ಲ, ಸರಿಯಾಗಿ ಕಂಬದ ಬುಡಕ್ಕೆ.

ನಾನು ಅಟ್ಟದಿಂದ ಇಳಿದು ರಸ್ತೆ ದಾಟಿದೆ. ನನ್ನ ಬದುಕಿನಲ್ಲಿ ಅಷ್ಟು ಮೆತ್ತಗೆ ನಾನು ಯಾವತ್ತೂ ನಡೆದಿರಲಿಲ್ಲ.

"ಸೊಲಾಂಜ್, ಮಳೆ ಬರ್ತಿದೆ."

"ಕಾಣ್ತಿದೆ," ಅಂದಳು ತಿರುಗದೆ.

"ನೀನು ನೀರು ಹಾಕ್ತಿದ್ದೀಯ."

"ಅದೂ ಕಾಣ್ತಿದೆ ಅಲ್ವಾ? ಛತ್ರಿ ಕೆಳಗೆ ಬಾ, ನೆನೀತೀಯ."

ಇಬ್ಬರೂ ಒಂದೇ ಛತ್ರಿಯಡಿ ನಿಂತೆವು. ಝಾರಿಯಲ್ಲಿ ಉಳಿದಿದ್ದನ್ನೂ ಅವಳು ಸುರಿದು ಮುಗಿಸಿದಳು.

"ಯಾವಾಗಿಂದ?" ಅಂದೆ.

"ಗಿಡ ನೆಟ್ಟಾಗಿಂದ. ಕೋಳಿ ಗೊಬ್ಬರ, ಒದ್ದೆ ಎಲೆ, ನೀರು. ಪೈನ್ ಆಗಿದ್ರೆ ಯಾವಾಗ್ಲೋ ಹೋಗಿರೋದು. ನೀನು ಹಾಳಾದ ಚೆಸ್ಟ್‌ನಟ್ ತಂದುಬಿಟ್ಟೆ."

ಬೈಗುಳವೋ ಹೊಗಳಿಕೆಯೋ ತಿಳಿಯದೆ ಎರಡಕ್ಕೂ ಸೇರಿಸಿ ತಲೆಯಾಡಿಸಿದೆ.

"ಲೆಯೊನ್ಸ್, ನಾನು ಕೂತು ಸೂಪ್ ಕುಡಿದು ಎಷ್ಟು ಕಾಲ ಆಯ್ತು ಗೊತ್ತಾ? ಚಮಚ ಬಾಯಿಗಿಟ್ರೆ ಬಾಗಿಲು ತಟ್ತಾರೆ. ನಮ್ಮಕ್ಕನ ಮಣ್ಣು ಮುಗಿಸಿ ಬಂದು ಕೋಟು ಕೂಡ ಬಿಚ್ಚಿರ್ಲಿಲ್ಲ, ಫೆರ್ನಾಂ ಬಂದ. ಕಸದ ಲಾರಿ ಯಾವತ್ತು ಬರತ್ತೆ ಅಂತ ಕೇಳೋಕೆ. ಅವನಿಗೂ ಒಂದು ಲೋಟ ಹಾಕ್ಕೊಟ್ಟೆ. ಕಂಬ ನಿಂತಿದ್ಯಲ್ಲ, ಕೊಡ್ಲೇಬೇಕು."

"ಆದ್ರೆ ಕಚೇರಿ ಬಾಗಿಲು? ಕಂಬ ಬಿದ್ರೆ ಬಾಗಿಲು ಮುಚ್ತಾರಲ್ಲ!"

"ಆ ಬಾಗಿಲೊಳಗೆ ನೀನು ಕೊನೇ ಸಲ ಹೋಗಿದ್ದು ಯಾವಾಗ?"

ಯೋಚಿಸಿದೆ. ಒಳಗಿನ ಗೋಡೆಯ ಬಣ್ಣ ಕೂಡ ನೆನಪಾಗಲಿಲ್ಲ.

"ಹೋಗು, ಹೇಳು ಊರಿಗೆಲ್ಲಾ," ಅಂದಳು. "ನೀನು ಹೇಳಿದ್ದನ್ನ ಯಾರ್ ನಂಬ್ತಾರೆ? ಅನ್ಸೆಲ್ಮ್‌ಗೆ ಮಾತ್ರ ಹೇಳ್ಬೇಡ. ದಿನಾ ಬೆಳಿಗ್ಗೆ ಕಿಟಕಿ ತೆಗೆದು ಮೊದಲು ಅದನ್ನೇ ನೋಡ್ತಾನೆ. ನಾನು ಅಂತ ಗೊತ್ತಾದ್ರೆ ತಡ್ಕೊಳಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮಳೆಯಲ್ಲಿ ಉಳಿದೆ.

ಮರುದಿನವೇ ಫೆರ್ನಾಂ ಸಭೆ ಕರೆಸಿದ್ದ, ನಮ್ಮ ಕಚೇರಿಯ ಕೋಣೆಯಲ್ಲೇ. ಗೋಡೆ ತಿಳಿಹಸಿರು. ಎರಡೂ ಊರಿನವರು ಎರಡು ಪಕ್ಕ ಕೂತಿದ್ದರು, ನಡುವಿನ ದಾರಿಯಲ್ಲಿ ಒಂದು ನೊಣ ಹಾರಿದರೂ ಯಾವ ಕಡೆಯದು ಅಂತ ಕೇಳುವ ಹಾಗೆ. ಮುಂದೆ ಮೇಯರ್ ಒದೀಲ್. ಪಕ್ಕದಲ್ಲಿ ಅನ್ಸೆಲ್ಮ್, ಮುಖ ಬಾಡಿದ ಎಲೆ. ರೆಜಿಸ್ ಗೋಡೆಗೆ ಒರಗಿ ನಿಂತಿದ್ದ.

"ಮೇಯರಮ್ಮ, ಗೀರು ನೀವೇ ನೋಡಿದ್ದೀರಿ," ಫೆರ್ನಾಂ ಗುಡುಗಿದ. "ಮಷಿನ್ ನಿಮ್ಮದು, ಆಳು ನಿಮ್ಮೋನು. ಮೊದಲು ಕೊಯ್ದ, ಆಮೇಲೆ ಏನೋ ಸುರಿದ. ಮನುಷ್ಯರ ಕೈ! ಮಾತು ಮಾತೇ. ನಮ್ಮ ಬಾಗಿಲು ಶಾಶ್ವತವಾಗಿ ತೆರೆದಿರ್ಬೇಕು."

"ನಿಮ್ಮ ಕಂಬಕ್ಕೆ ನಮ್ಮ ಆಳು ಯಾಕ್ರೀ ಬೇಕು? ನೀವು ಊದಿದ್ರೇ ಬೀಳತ್ತೆ!" ಅಂತ ಆ ಕಡೆಯಿಂದ ಒಬ್ಬ.

"ಸುಮ್ನಿರಿ," ಅಂದಳು ಒದೀಲ್. "ಮಾತು ಕೊಟ್ಟಿದ್ದು ನಾನು. ರೆಜಿಸ್ ಮಾಡಿದ್ದು ನಿಜ ಅಂತಾದ್ರೆ ಬಾಗಿಲು ತೆರೆದೇ ಇರತ್ತೆ, ಅವನು ನಾಳೆಯಿಂದ ಈ ಕಮ್ಯೂನ್‌ನಲ್ಲಿ ಕೆಲಸ ಮಾಡಲ್ಲ. ರೆಜಿಸ್, ನೀನೇನ್ ಹೇಳ್ತೀಯ?"

"ನಾನಲ್ಲ," ಅಂದ ಅವನು. ಅಷ್ಟು ಸಣ್ಣ ದನಿ ಅಷ್ಟು ದೊಡ್ಡ ಮೈಯಿಂದ ಬಂದದ್ದು ನಾನು ಕೇಳಿರಲಿಲ್ಲ.

"ಮತ್ಯಾರು? ದೆವ್ವಾನಾ?" ಅಂದ ಫೆರ್ನಾಂ. ಆಮೇಲೆ ನನ್ನ ಕಡೆ ಬೆರಳು ಮಾಡಿದ. "ಲೆಯೊನ್ಸ್ ಅಟ್ಟದಲ್ಲಿ ಕೂತು ಕಾದಿದ್ದಾನೆ. ಹೇಳೋ, ಏನ್ ನೋಡಿದೆ?"

ಇಡೀ ಕಮ್ಯೂನ್ ನನ್ನ ಕಡೆ ತಿರುಗಿತು. ಹಿಂದಿನ ಬೆಂಚಿನಲ್ಲಿ ಸೊಲಾಂಜ್ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನನ್ನ ಮರದ ಮಾನ ಉಳಿಯುತ್ತಿತ್ತು, ನನ್ನೂರಿನ ಬಾಗಿಲು ಉಳಿಯುತ್ತಿತ್ತು, ಹೋಗುತ್ತಿದ್ದದ್ದು ನನ್ನನ್ನು ತಾತ ಅಂದವನ ಕೆಲಸ ಮಾತ್ರ. ನಿಜ ಹೇಳಿದರೆ ಅನ್ಸೆಲ್ಮನ ಮುಖ ನೋಡಬೇಕಾಗಿತ್ತು.

"ಹಂದಿ," ಅಂದೆ.

"ಏನು?"

"ಕಾಡುಹಂದಿ. ಗೊಬ್ಬರದ ಮಣ್ಣಲ್ಲಿ ಹುಳ ಹುಡ್ಕೊಂಡು ಬರತ್ತೆ. ಬುಡ ಕೆದಕತ್ತೆ, ಆಮೇಲೆ ಕಂಬಕ್ಕೆ ಬೆನ್ನು ಕೊಟ್ಟು ಉಜ್ಜತ್ತೆ. ರೆನೋ ವ್ಯಾನ್ ಇದ್ಯಲ್ಲ ಬ್ರೆಡ್ಡಿಂದು, ಅಷ್ಟು ಗಾತ್ರ. ಕೋರೆಹಲ್ಲಲ್ಲಿ ಬಟ್ಟೆ ಒಣಹಾಕ್ಬೋದು."

ಕೋಣೆ ನಗೆಯಲ್ಲಿ ಬಿರಿಯಿತು. ಎರಡೂ ಪಕ್ಕ. ನೋಡಿ ನನ್ನ ಹಣೆಬರಹ: ಬದುಕಿಡೀ ಹೇಳಿದ ಸತ್ಯಗಳನ್ನು ಇವರು ನಂಬಲಿಲ್ಲ, ಒಂದೇ ಒಂದು ಸುಳ್ಳು ಹೇಳಿದರೆ ಅದನ್ನೂ ನಂಬುತ್ತಿಲ್ಲ.

ಫೆರ್ನಾಂ ನನ್ನ ಕಿವಿಗೆ ಬಾಯಿಟ್ಟು ಹಲ್ಲು ಕಡಿದ: "ಹಾಳಾಗಿಹೋಗ! ಹಂದಿ ಆದ್ರೆ ಮನುಷ್ಯರ ಕೈ ಅಲ್ಲ. ಬಾಗಿಲು ಹೋಯ್ತಲ್ಲೋ!"

ಆಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

"ವ್ಯಾನ್‌ಗಿಂತ ಸ್ವಲ್ಪ ಚಿಕ್ಕದು," ಅಂದಳು ಸೊಲಾಂಜ್. "ನಾನೂ ನೋಡಿದ್ದೀನಿ."

ನಗು ನಿಂತಿತು. ಸೊಲಾಂಜ್ ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಸುಳ್ಳು ಹೇಳಬಹುದು ಅಂತ ಯೋಚಿಸಲು ಬೇಕಾದ ಅಂಗವೇ ನಮ್ಮೂರವರ ತಲೆಯಲ್ಲಿ ಇರಲಿಲ್ಲ.

"ನೀನು ನನಗೆ ಹೇಳ್ಲೇ ಇಲ್ವಲ್ಲೇ?" ಅಂದ ಅನ್ಸೆಲ್ಮ್.

"ನಿನಗೆ ಹೇಳೋಣ ಅಂದ್ರೆ ಅಡುಗೆಮನೇಲಿ ಯಾವಾಗ್ಲೂ ಯಾರಾದ್ರೂ ಇರ್ತಾರೆ," ಅಂದಳು ಅವಳು.

ರೆಜಿಸ್ ಗೋಡೆ ಬಿಟ್ಟು ನೆಟ್ಟಗಾದ. "ಹೆಜ್ಜೆ ಗುರುತು ನಾನು ನೋಡಿದ್ದೆ. ಯಾರೂ ನಂಬಲ್ಲ ಅಂತ ಸುಮ್ನಿದ್ದೆ." ಸೆರ್ವಿಯಾಲ್‌ನ ಬೇಟೆಗಾರನೊಬ್ಬ ಎದ್ದ: ತಾನು ಅದನ್ನು ದಿಣ್ಣೆಯ ಮೇಲೆ ಕಂಡಿದ್ದಾಗಿ, ಬೆನ್ನ ಮೇಲೆ ಬಿಳಿ ಗೆರೆ ಇದ್ದದ್ದಾಗಿ ಆಣೆ ಇಟ್ಟ. ನಮ್ಮ ಕಡೆಯವನೊಬ್ಬನಿಗೆ ತಡೆಯಲಾಗಲಿಲ್ಲ. ಬಿಳಿ ಗೆರೆ ಎರಡು ಅಂದ. ಅರ್ಧ ಗಂಟೆಯಲ್ಲಿ ನನ್ನ ಹಂದಿ ನನಗೇ ಹೆದರಿಕೆಯಾಗುವಷ್ಟು ಬೆಳೆದಿತ್ತು. ಕೊನೆಗೆ ಫೆರ್ನಾಂನೂ ಸೋತ. ಅಂಥ ಹಂದಿಯನ್ನು ಸೆರ್ವಿಯಾಲ್‌ನವರೇ ಹೊಡೆಯಲಿ ಅಂತ ಬಿಡುವುದಕ್ಕೆ ಅವನ ಬೇಟೆಗಾರನ ಕರುಳು ಒಪ್ಪಲಿಲ್ಲ. ಭಾನುವಾರ ಎರಡೂ ಊರಿನ ಬೇಟೆ ತಂಡಗಳು ಕೂಡಿ ಹೋಗುವುದು ಅಂತಾಯಿತು. ದಿಣ್ಣೆಯ ಕಾಡು ಯಾರದ್ದು ಅಂತ ಅಜ್ಜಂದಿರ ಕಾಲದಿಂದ ಹೊಡೆದಾಡಿಕೊಂಡು ಬಂದ ತಂಡಗಳು.

ಭಾನುವಾರ ಕಾಡೆಲ್ಲ ಕಿತ್ತಳೆ ಬಣ್ಣದ ಜಾಕೆಟ್‌ಗಳು. ಮರಕ್ಕೊಬ್ಬ ಬೇಟೆಗಾರ; ಅಳಿಲುಗಳಿಗೆ ನಿಲ್ಲಲು ಜಾಗವಿಲ್ಲ. ಪ್ರತಿಯೊಬ್ಬನಿಗೂ ಪಕ್ಕದ ಊರಿನವನು ತನ್ನ ಬೆನ್ನ ಹಿಂದೆ ಇದ್ದಾನಲ್ಲ ಅನ್ನುವ ಕಳವಳ. ಹಾಗಾಗಿ ಎಲ್ಲರೂ ಹಂದಿಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ಸಂಜೆಯ ಹೊತ್ತಿಗೆ ಒಂದು ಹಂದಿ ಸಿಕ್ಕಿತು. ಮೊಲಕ್ಕಿಂತ ಖಂಡಿತ ದೊಡ್ಡದು.

"ಇದೇನೋ ನಿನ್ನ ರೆನೋ ವ್ಯಾನು?" ಅಂದ ಫೆರ್ನಾಂ.

"ಮಾಡಿದ ಪಾಪದ ಕೊರಗಲ್ಲಿ ಇಳಿದುಹೋಗಿದೆ," ಅಂದೆ.

ಮೆರವಣಿಗೆಯಲ್ಲಿ ಊರಿಗೆ ಬಂದೆವು. ಅನ್ಸೆಲ್ಮನ ಮನೆ ತಿರುವಿನಲ್ಲಿ ಎಲ್ಲರೂ ನಿಂತರು. ಕಂಬ ರಸ್ತೆಯುದ್ದಕ್ಕೂ ಮಲಗಿತ್ತು, ತುದಿ ಸೆರ್ವಿಯಾಲ್ ಕಡೆಗೆ. ಬುಡದ ಮಣ್ಣು ಕಿತ್ತೆದ್ದು, ಒಂದೆರಡು ಹೂಗಿಡ ಬುಡಮೇಲಾಗಿದ್ದವು. ಹೊಸ್ತಿಲ ಮೇಲೆ ಸೊಲಾಂಜ್ ಒದ್ದೆ ಕೈ ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು.

"ನೀವೆಲ್ಲಾ ಕಾಡಲ್ಲಿ ಹುಡುಕ್ತಿದ್ರಿ," ಅಂದಳು. "ಅದು ಇಲ್ಲೇ ಇತ್ತು."

ಅನ್ಸೆಲ್ಮ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. ಉದ್ದಕ್ಕೂ ನಡೆದು, ತುದಿಯಲ್ಲಿ ಅಂಟಿಕೊಂಡಿದ್ದ ರಿಬ್ಬನ್ನಿನ ಚೂರು ಬಿಚ್ಚಿಕೊಂಡು ಜೇಬಿಗೆ ಹಾಕಿಕೊಂಡ. "ಒಳ್ಳೇ ಮರ ತಂದಿದ್ದೆ ಲೆಯೊನ್ಸ್," ಅಂದ. ಅಷ್ಟೇ. ನಾನೂ ಟೊಪ್ಪಿ ತೆಗೆದೆ.

ಹಂದಿ ಕೆಡವಿದ್ದು ಮನುಷ್ಯರ ಕೈಯಲ್ಲ. ಹಾಗಾಗಿ ಕೊಟ್ಟ ಮಾತಿನಂತೆ ಬಾಗಿಲು ಮುಚ್ಚಬೇಕು. ಫೆರ್ನಾಂ ವಕೀಲರನ್ನು ಕೇಳಿಬಂದ, ಪಾದ್ರಿಯನ್ನು ಕೇಳಿಬಂದ, ದೇವರ ಸೃಷ್ಟಿಯಲ್ಲಿ ಹಂದಿಗೂ ಕೈ ಇದೆ ಅನ್ನಿಸಲು ನೋಡಿದ. ಆಗಲಿಲ್ಲ. ಆ ವಾರವೇ ಒದೀಲ್ ಬೀಗದಕೈ ತೆಗೆದುಕೊಳ್ಳಲು ಬಂದಳು. ಅನ್ಸೆಲ್ಮ್ ಕೊಟ್ಟ. ಬಾವುಟವನ್ನು ತಾನೇ ಮಡಿಸಿಕೊಟ್ಟ. ಗೆದ್ದವಳ ಮುಖ ಹೇಗಿರುತ್ತದೆ ಅಂತ ನೋಡಲು ನಾನು ಹತ್ತಿರವೇ ನಿಂತಿದ್ದೆ. ಅವಳ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ; ಸುಸ್ತು ಕಾಣಿಸಿತು. ಕಂಬವಿದ್ದ ಗುಂಡಿಯನ್ನು ನೋಡಿದಳು, ಕಪ್ಪು ಮಣ್ಣನ್ನು ಬೆರಳಲ್ಲಿ ತಿಕ್ಕಿ ಮೂಸಿದಳು. ದನದ ಡಾಕ್ಟರು; ಹಂದಿಯ ಹೆಜ್ಜೆ ಯಾವುದು, ತೋಟದ ಗುದ್ದಲಿಯ ಗುರುತು ಯಾವುದು ಅಂತ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಮದಾಂ ಸೊಲಾಂಜ್," ಅಂದಳು ಒದೀಲ್, "ಈ ಗಿಡದ್ದು ಒಂದೆರಡು ಕಡ್ಡಿ ಸಿಗತ್ತಾ? ಬಹಳ ಚೆನ್ನಾಗಿ ಬಂದಿದೆ."

"ಎಷ್ಟು ಬೇಕೋ ಅಷ್ಟು ತಗೊಳ್ಳಿ," ಅಂದಳು ಸೊಲಾಂಜ್. "ನೀರು ಮಾತ್ರ ತಪ್ಪಿಸ್ಬಾರದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು. ಬೀಗದಕೈ ತೆಗೆದುಕೊಳ್ಳಲು ಬಂದವಳಿಗೆ ಹೂವಿನ ಕಡ್ಡಿ ಯಾತಕ್ಕೆ? ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಕಂಬ ಹೋದ ಮೇಲೆ ಲೋಟವೂ ಹೋಯಿತು. ಮೋರಿ ಕಟ್ಟಿಕೊಂಡವರು, ನಾಯಿ ಕಳೆದುಕೊಂಡವರು ಗೊಣಗುತ್ತ ಸೆರ್ವಿಯಾಲ್‌ಗೆ ಹೋದರು. ಅನ್ಸೆಲ್ಮನ ಮನೆಯ ಬಾಗಿಲು ಹಾಕಿರುತ್ತಿತ್ತು. ಒಂದು ಮಧ್ಯಾಹ್ನ ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದೆ. ನಿಜಕ್ಕೂ ಸುಮ್ಮನೆ. ಕಿಟಕಿಯಿಂದ ಸೊಲಾಂಜ್ ಕರೆದಳು. ಅನ್ಸೆಲ್ಮ್ ಮತ್ತು ಅವಳು ಕೂತು ಸೂಪ್ ಕುಡಿಯುತ್ತಿದ್ದರು. ನನಗೂ ಒಂದು ಬಟ್ಟಲು ಕೊಟ್ಟಳು. ತಳದಲ್ಲಿ ಸ್ವಲ್ಪ ಉಳಿದಾಗ ತಾನೇ ಕೆಂಪು ವೈನ್ ಸುರಿದಳು, ನಮ್ಮ ಕಡೆಯ ಪದ್ಧತಿಯಂತೆ ಬಟ್ಟಲೆತ್ತಿ ಕುಡಿಯಲಿ ಅಂತ.

ಅನ್ಸೆಲ್ಮ್ ಬ್ರೆಡ್ ತರಲು ಎದ್ದಾಗ ನಾನು ಬಗ್ಗಿ ಕೇಳಿದೆ: "ಆವತ್ತು ಭಾನುವಾರ ಹೇಗೆ ಬಿತ್ತು? ನೂಕಿದ್ಯಾ?"

"ಶೂ ಲೇಸ್ ಕಟ್ಟೋಕೆ ಒರಗಿದೆ," ಅಂದಳು. "ಅಷ್ಟೇ. ಕುಡಿದು ಹೋಗು. ನಾಳೆ ಬರ್ಬೇಡ."

ಮುಂದಿನ ವಸಂತದಲ್ಲಿ ನನಗೂ ಮೇಯರಮ್ಮನ ಹತ್ತಿರ ಕೆಲಸ ಬಿತ್ತು, ಸೆರ್ವಿಯಾಲ್‌ಗೆ ಹೋದೆ. ತುಂತುರು ಮಳೆ. ಕಚೇರಿ ಖಾಲಿ. ಎಲ್ಲರೂ ಒದೀಲ್ ಮನೆಯ ಅಡುಗೆಮನೆಯಲ್ಲಿದ್ದಾರೆ ಅಂದರು. ಎರಡು ಊರಿನ ಜನ, ಎರಡು ಊರಿನ ಕೆಸರು. ಅವಳ ಮನೆ ಮುಂದೆ ಆ ಸೊಟ್ಟ ಪೈನ್ ಕಂಬ ಇನ್ನೂ ನಿಂತಿತ್ತು. ಅದರ ಬುಡದ ಸುತ್ತ ಹೊಸದಾಗಿ ಚಿಗುರಿದ ಹೈಡ್ರೇಂಜಿಯಾ ಗಿಡಗಳು, ಕೋಳಿ ಗೊಬ್ಬರದ ದಪ್ಪ ಹಾಸು. ನಡುವೆ ನಿಂತಿದ್ದವನು ಅವಳ ಗಂಡ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಝಾರಿ.

ನನ್ನನ್ನು ಕಂಡು ಅವನ ಕೈ ಗಾಳಿಯಲ್ಲೇ ನಿಂತಿತು.

ನಾನು ಟೊಪ್ಪಿ ಎತ್ತಿ ವಂದಿಸಿದೆ.

"ಹುಷಾರು ಸ್ವಾಮಿ," ಅಂದೆ. "ಈ ಕಡೆ ಕಾಡುಹಂದಿ ಕಾಟ ಜಾಸ್ತಿ."